ಹಿಮಗನ್ನಡಕದ ಬಣ್ಣಗಳು
ಹೊಸದಾಗಿ ಬಿದ್ದ ಹಿಮ ನೇರಳಾತೀತ ಕಿರಣಗಳಲ್ಲಿ ಶೇ. 80ರಷ್ಟನ್ನು ಮರಳಿ ಮುಖಕ್ಕೇ ಎರಚಬಲ್ಲದು. ಅದರಿಂದ ಕಣ್ಣಿನ ಕಾರ್ನಿಯಾ ಬೆಂದು, ಕೆಲಕಾಲ ನೋಟವೇ ಕೆಡುವ ‘ಹಿಮಗುರುಡು’ ಬರುವುದುಂಟು. ಆರ್ಕ್ಟಿಕ್‌ನ ಇನ್ಯೂಯಿಟರು ಇದನ್ನು ಗಾಜಿನ ಹಂಗಿಲ್ಲದೆ ಎದುರಿಸಿದರು. ಮೂಳೆ, ಮರ ಅಥವಾ ವಾಲ್ರಸ್ ದಂತದ ಪಟ್ಟಿಯಲ್ಲಿ ತೆಳುವಾದ ಸೀಳು ಕೊರೆದು, ಒಳಬದಿಗೆ ಮಸಿ ಬಳಿದು ಕಣ್ಣಿಗೆ ಕಟ್ಟಿಕೊಳ್ಳುತ್ತಿದ್ದರು. ಸೀಳು ಬೆಳಕನ್ನು ತಗ್ಗಿಸುವುದರ ಜೊತೆಗೆ ನೋಟವನ್ನೂ ಚುರುಕುಗೊಳಿಸುತ್ತಿತ್ತು. ಗಾಜಿಲ್ಲದ್ದರಿಂದ ಮಂಜು ಕಟ್ಟುವ ಕಾಟವೂ ಇರಲಿಲ್ಲ. ಮುಂದಿನ ಕನ್ನಡಕಗಳಿಗೆ ಈ ಸುಖ ಬಹುಕಾಲ ಸಿಗಲಿಲ್ಲ.

ಧ್ರುವಯಾತ್ರಿಗಳು ಬಣ್ಣದ ಗಾಜನ್ನು ನೆಚ್ಚಿದರು. ಆದರೂ 1911ರಲ್ಲಿ ದಕ್ಷಿಣ ಧ್ರುವಕ್ಕೆ ಹೊರಟಿದ್ದ ಸ್ಕಾಟ್ ತಂಡದ ಎಡ್ವರ್ಡ್ ವಿಲ್ಸನ್, ಸ್ವತಃ ವೈದ್ಯರಾಗಿದ್ದೂ, ಹಿಮಗುರುಡಿನಿಂದ ನರಳಿದರು. 1913ರಲ್ಲಿ ವಿಜ್ಞಾನಿ ವಿಲಿಯಂ ಕ್ರೂಕ್ಸ್ ನೇರಳಾತೀತ ಕಿರಣ ತಡೆಯುವ ಗಾಜುಗಳನ್ನು ರೂಪಿಸಿದ್ದು ಸ್ಕೀಯರ್‌ಗಳಿಗಲ್ಲ, ಗಾಜಿನ ಕುಲುಮೆಯ ಕೆಲಸಗಾರರಿಗೆ. ಮಂಜಿನ ಸಮಸ್ಯೆಗೆ ಪರಿಹಾರ ತಂದವರು ಅಮೆರಿಕದ ದಂತವೈದ್ಯ ಬಾಬ್ ಸ್ಮಿತ್. 1960ರ ದಶಕದಲ್ಲಿ ಅವರು ಎರಡು ಪದರದ ಲೆನ್ಸ್ ಜೋಡಿಸಿದರು.

ಬಣ್ಣದ ಆಯ್ಕೆಗೆ ಭೌತಶಾಸ್ತ್ರವೇ ಆಧಾರ. ಮೋಡ ಕವಿದಾಗ ನೆರಳುಗಳಳಿದು ಇಳಿಜಾರಿನ ಉಬ್ಬುತಗ್ಗು ಕಾಣದು. ಚದುರಿದ ನೀಲಿ ಬೆಳಕನ್ನು ಹಳದಿ ಲೆನ್ಸ್ ಸೋಸುವುದರಿಂದ ಆ ಉಬ್ಬುತಗ್ಗುಗಳು ಎದ್ದು ತೋರುತ್ತವೆ. ಬಿರುಬಿಸಿಲಿಗೆ ಕಡು ಬೂದು ಅಥವಾ ಕಂದು ಬಣ್ಣವೇ ಸರಿ. ಇಂದಿನ ಯುರೋಪಿಯನ್ ವರ್ಗೀಕರಣದಲ್ಲಿ 1ನೇ ವರ್ಗದ ಲೆನ್ಸ್ ಶೇ. 43ರಿಂದ 80ರಷ್ಟು ಬೆಳಕು ಬಿಟ್ಟರೆ, 3ನೆಯದು ಶೇ. 8ರಿಂದ 18ರಷ್ಟನ್ನು ಮಾತ್ರ ಬಿಡುತ್ತದೆ. ಹಿಮನದಿಗಳ ಮೇಲಿನ ಉಗ್ರ ಬೆಳಕಿಗೆ 4ನೆಯದಿದೆ. ಅದನ್ನು ಧರಿಸಿ ವಾಹನ ಓಡಿಸುವಂತಿಲ್ಲ.