ಮಹಾಶಕ್ತಿಗಳ ಧನಸಹಾಯ ಸ್ಪರ್ಧೆ ಮತ್ತು ಅಫ್ಘಾನಿಸ್ತಾನದ ರಾಜ್ಯವ್ಯವಸ್ಥೆ, 1946–1979

ದ್ವಿತೀಯ ಮಹಾಯುದ್ಧದ ತರುವಾಯ ಲೋಕವನ್ನು ತಮ್ಮತಮ್ಮ ಪ್ರಭಾವಕ್ಕೆ ಒಳಪಡಿಸಲೆಳಸಿದ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಸೋವಿಯೆಟ್ ಒಕ್ಕೂಟಗಳು, ಪರಸ್ಪರ ನೇರ ಯುದ್ಧವು ಉಭಯರ ಸರ್ವನಾಶದಲ್ಲಿಯೇ ಪರ್ಯವಸಾನಗೊಳ್ಳುವುದೆಂದು ಮನಗಂಡು, ನವೋದಿತ ಬಡರಾಷ್ಟ್ರಗಳ ಒಲವನ್ನು ಅಣೆಕಟ್ಟು, ಹೆದ್ದಾರಿ, ಕಾರ್ಖಾನೆ, ವಿದ್ಯಾರ್ಥಿವೇತನಗಳ ಮೂಲಕ ಸಂಪಾದಿಸತೊಡಗಿದ ವೃತ್ತಾಂತವನ್ನು ಹೇಳುವಾಗ, ಈಜಿಪ್ಟಿನ ಆಸ್ವಾನ್ ಅಣೆಕಟ್ಟನ್ನೂ ನಮ್ಮ ಭಿಲಾಯಿ ಉಕ್ಕಿನ ಕಾರ್ಖಾನೆಯನ್ನೂ ಉದಾಹರಿಸುವುದು ವಾಡಿಕೆ. ಆದರೆ ಈ ಸ್ಪರ್ಧೆಯ ಒಳಮರ್ಮವನ್ನು ಅರಿಯಬಯಸುವವರು ಅಫ್ಘಾನಿಸ್ತಾನವನ್ನು ನೋಡತಕ್ಕದ್ದು. ಏಕೆಂದರೆ ಅಲ್ಲಿ ಒಂದೇ ದೇಶದಲ್ಲಿ, ಒಂದೇ ಕಾಲದಲ್ಲಿ, ಒಬ್ಬರ ಕೆಲಸವು ಇನ್ನೊಬ್ಬರ ಕೆಲಸಕ್ಕೆ ಹೆಗಲು ತಾಗುವಷ್ಟು ಸಮೀಪದಲ್ಲಿ, ಇಬ್ಬರೂ ಕಟ್ಟಿದರು. ಹೀಗೆ ಬಂದ ಸಹಾಯವು ಕಾಬೂಲಿನ ಅರಸೊತ್ತಿಗೆಗೆ ಎರಡು ರಾಜಧಾನಿಗಳೊಡನೆ ಚೌಕಾಸಿ ಮಾಡುವ ಸ್ವಾತಂತ್ರ್ಯವನ್ನು ತಂದುಕೊಟ್ಟಿತೆಂಬುದು ನಿಜವೇ ಆದರೂ, ಅದಕ್ಕಿಂತ ಗುರುತರವಾದ ಪರಿಣಾಮವೆಂದರೆ, ತನ್ನ ಪ್ರಜೆಗಳೊಡನೆ ವ್ಯವಹರಿಸುವ ಅಗತ್ಯದಿಂದಲೇ ಅದನ್ನು ಪಾರುಮಾಡಿದ್ದು.

ಕಥೆಯ ಆರಂಭ ದಕ್ಷಿಣದಲ್ಲಿ. 1946ರಲ್ಲಿ, ಯುದ್ಧಕಾಲದಲ್ಲಿ ಕೂಡಿಟ್ಟಿದ್ದ ವಿದೇಶಿ ವಿನಿಮಯವನ್ನು ನೆಚ್ಚಿ, ರಾಜ ಜಾಹಿರ್ ಷಾನ ಸರ್ಕಾರವು ಹೆಲ್ಮಂದ್ ಮತ್ತು ಅರ್ಗಂದಾಬ್ ನದಿಗಳ ನೀರಾವರಿ ಕಾರ್ಯವನ್ನು ಅಮೆರಿಕದ ಮಾರಿಸನ್-ನುಡ್ಸೆನ್ ಎಂಬ ಕಟ್ಟಡ ಸಂಸ್ಥೆಗೆ ಒಪ್ಪಿಸಿತು. ಆ ಹಣವು ಬೇಗನೆ ಕರಗಿಹೋದಾಗ ಅಮೆರಿಕದ ಎಕ್ಸ್‌ಪೋರ್ಟ್-ಇಂಪೋರ್ಟ್ ಬ್ಯಾಂಕು 2 ಕೋಟಿ 10 ಲಕ್ಷ ಡಾಲರುಗಳ ಸಾಲವನ್ನು ನೀಡಿತು. 1952ರಲ್ಲಿ ಅರ್ಗಂದಾಬ್ ಅಣೆಕಟ್ಟೂ 1953ರಲ್ಲಿ ಕಜಾಕಿ ಅಣೆಕಟ್ಟೂ ಎದ್ದುನಿಂತವು. ಟೆನೆಸೀ ಕಣಿವೆ ಪ್ರಾಧಿಕಾರದ ಮಾದರಿಯಲ್ಲಿ ಹೆಲ್ಮಂದ್ ಕಣಿವೆ ಪ್ರಾಧಿಕಾರವು ಸ್ಥಾಪಿತವಾಯಿತು. ಘಜ್ನವಿ ಅರಸರ ಹಾಳುಬಿದ್ದ ಬೋಸ್ತ್ ಕೋಟೆಯ ಬಳಿ ಲಷ್ಕರ್‌ಗಾಹ್ ಎಂಬ ನೂತನ ನಗರವು, ಅಮೆರಿಕದ ಪೇಟೆಯೊಂದರ ಓರಣದಲ್ಲಿ, ನೇರ ಬೀದಿಗಳೊಡನೆ ತಲೆಯೆತ್ತಿತು. ಪಶ್ಚಿಮದ ಮರುಭೂಮಿಯ ಅಂಚಿನಲ್ಲಿರುವ ನಾದ್-ಎ-ಅಲಿ, ಮರ್ಜಾ ಎಂಬ ಹೊಸ ನೆಲೆಗಳಿಗೆ, ಕುರಿಮಂದೆಗಳೊಡನೆ ಋತುಋತುವಿಗೂ ನೆಲೆ ಬದಲಿಸುತ್ತಿದ್ದ ಅಲೆಮಾರಿ ಕುಲಗಳನ್ನು ಕರೆತಂದು ರೈತರನ್ನಾಗಿ ಮಾಡುವುದು ಸರ್ಕಾರದ ಮಹತ್ತ್ವಾಕಾಂಕ್ಷೆಯಾಗಿತ್ತು.

ಆದರೆ ಆ ನೆಲದ ತೆಳುವಾದ ಮೇಲ್ಮಣ್ಣಿನ ಕೆಳಗೆ, ನೀರನ್ನು ಇಳಿಯಗೊಡದ ಗಟ್ಟಿಯಾದ ನೊರಜುಗಲ್ಲಿನ ಪದರವಿದ್ದಿತು. ಕಾಲುವೆಯ ನೀರು ಯಥೇಚ್ಛವಾಗಿ ಹರಿದಂತೆಲ್ಲ ಅಂತರ್ಜಲವು ಮೇಲೇರಿ, ಬಿಸಿಲಿಗೆ ಆರಿ, ಹೊಲಗಳ ಮೇಲೆ ಉಪ್ಪಿನ ಬಿಳಿಯ ಪೊರೆಯನ್ನು ಬಿಟ್ಟಿತು. ಬಸಿಗಾಲುವೆಗಳನ್ನು ತೋಡಿದ್ದರೆ ಈ ಅನಾಹುತವನ್ನು ಬಹುಮಟ್ಟಿಗೆ ತಡೆಯಬಹುದಾಗಿದ್ದಿತಾದರೂ, ವೆಚ್ಚದ ಒತ್ತಡದಲ್ಲಿ ಮೊದಲು ಕೈಬಿಟ್ಟುಹೋದದ್ದು ಅವೇ. ಅದೇ 1953ರಲ್ಲಿ ನೀರು ಹರಿಯತೊಡಗಿದ ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲಿಯೂ ಸವಳು-ಜವಳು ಎಷ್ಟು ಎರೆಹೊಲಗಳನ್ನು ನುಂಗಿತೆಂಬುದನ್ನು ಬಲ್ಲ ಕನ್ನಡಿಗರಿಗೆ, ಮರ್ಜಾದ ರೈತನ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಹೊಸದಾಗಿ ನೆಲೆಸಿದವರಲ್ಲಿ ಹಲವರು ಹೊಲಗಳನ್ನು ತೊರೆದು ಹೊರಟುಹೋದರು. ಇಷ್ಟಾದರೂ ಅಮೆರಿಕವು ಯೋಜನೆಯನ್ನು ಕೈಬಿಡಲಿಲ್ಲ. ಅದರೊಡನೆ ತನ್ನ ಮರ್ಯಾದೆಯೂ ಹೆಣೆದುಕೊಂಡಿದೆಯೆಂದು ಅದು ಭಾವಿಸಿತು. ಸಹಾಯವು ಸ್ಪರ್ಧೆಯ ವಸ್ತುವಾದೊಡನೆ, ಇದು ಫಲಕಾರಿಯೇ ಎಂಬ ಪ್ರಶ್ನೆಯು ಹಿಂದೆ ಸರಿದು, ಇದನ್ನು ನಿಲ್ಲಿಸಿದರೆ ಎದುರಾಳಿಯು ಏನೆಂದಾನು ಎಂಬ ಪ್ರಶ್ನೆಯು ಮುಂದೆ ಬರುವುದನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು.

ಸೋವಿಯೆಟ್ಟರು ಹಿಡಿದ ದಾರಿಯೇ ಬೇರೆ. ಸ್ಟಾಲಿನನ ಮರಣಾನಂತರ, 1954ರ ಜನವರಿಯಲ್ಲಿ, ಅವರು ಕೊಟ್ಟ ಮೊದಲ ಸಾಲ ಕೇವಲ 35 ಲಕ್ಷ ಡಾಲರು. ಅದರಿಂದ ಕಟ್ಟಿದ್ದು ಧಾನ್ಯದ ಕಣಜಗಳು, ಹಿಟ್ಟಿನ ಗಿರಣಿ, ಮತ್ತು ಕಾಬೂಲಿನಲ್ಲಿ ಒಂದು ಬೇಕರಿ. ಅದೇ ವರ್ಷ ಕಾಬೂಲಿನ ಬೀದಿಗಳಿಗೆ ಡಾಂಬರು ಹಾಕುವ ಕೆಲಸವನ್ನೂ ವಹಿಸಿಕೊಂಡರು. ಈ ಕೆಲಸಕ್ಕಾಗಿ ಅಫ್ಘಾನರು ಮೊದಲು ಅಮೆರಿಕವನ್ನೇ ಕೇಳಿದ್ದರೆಂಬುದೂ, ಅದರಿಂದ ಉತ್ಪನ್ನವೇನೂ ಹೆಚ್ಚದೆಂಬ ತರ್ಕದಿಂದ ಆ ಬೇಡಿಕೆಯು ತಿರಸ್ಕೃತವಾಯಿತೆಂಬುದೂ ಗಮನಾರ್ಹ. ಲೆಕ್ಕಾಚಾರದ ದೃಷ್ಟಿಯಿಂದ ಅಮೆರಿಕದ ತರ್ಕ ತಪ್ಪಲ್ಲ. ಆದರೆ ಬೇಸಗೆಯಲ್ಲಿ ಧೂಳೂ ಚಳಿಗಾಲದಲ್ಲಿ ಮೊಣಕಾಲುದ್ದದ ಕೆಸರೂ ಆಗಿರುತ್ತಿದ್ದ ಬೀದಿಯು ಒಂದು ದಿನ ಕಪ್ಪಗೆ ನುಣುಪಾಗಿ ಮೈಚಾಚಿದುದನ್ನು ಮಂತ್ರಿಯೂ ಕಂಡನು, ಕತ್ತೆಯ ಮೇಲೆ ಸೌದೆ ಹೇರಿಕೊಂಡು ಬಂದವನೂ ಕಂಡನು; ದೂರದ ಹೆಲ್ಮಂದಿನ ಅಣೆಕಟ್ಟನ್ನು ಕಾಬೂಲಿನವರಲ್ಲಿ ಕಂಡವರೆಷ್ಟು ಮಂದಿ?

1955ರಲ್ಲಿ, ಗಡಿಯಾಚೆಯ ಪಖ್ತೂನರ ನೆಲವನ್ನು ಕುರಿತ ಪಖ್ತೂನಿಸ್ತಾನದ ವಿವಾದದಿಂದಾಗಿ ಪಾಕಿಸ್ತಾನದೊಡನೆ ಸಂಬಂಧ ಕೆಟ್ಟು ಗಡಿ ಮುಚ್ಚಿದಾಗ, ಸಮುದ್ರವನ್ನೇ ಕಾಣದ ಆ ದೇಶಕ್ಕೆ ಉತ್ತರದ ಬಾಗಿಲೊಂದೇ ಮುಖ್ಯವಾಗಿ ಉಳಿಯಿತು. ಆ ಡಿಸೆಂಬರಿನಲ್ಲಿ ಕಾಬೂಲಿಗೆ ಬಂದ ಸೋವಿಯೆಟ್ ನಾಯಕರಾದ ಕ್ರುಶ್ಚೇವ್ ಮತ್ತು ಬುಲ್ಗಾನಿನ್ನರು ಶೇಕಡಾ 2ರ ಬಡ್ಡಿಗೆ, 30 ವರ್ಷಗಳ ಅವಧಿಗೆ, 10 ಕೋಟಿ ಡಾಲರುಗಳ ಸಾಲವನ್ನು ಘೋಷಿಸಿದರು. ಅದಕ್ಕಿಂತ ಮುಖ್ಯವಾದುದು ಸೋವಿಯೆಟ್ಟರೊಡನೆ 1956ರಲ್ಲಿ ಆದ ಶಸ್ತ್ರಾಸ್ತ್ರಗಳ ಒಪ್ಪಂದ. ಪ್ರಧಾನಿ ಮೊಹಮ್ಮದ್ ದಾವೂದನು ಶಸ್ತ್ರಗಳನ್ನು ಮೊದಲು ಕೇಳಿದ್ದು ವಾಷಿಂಗ್ಟನ್ನಿನಲ್ಲಿ. ಪಾಕಿಸ್ತಾನದ ಮೈತ್ರಿಗೆ ಭಂಗ ತಂದುಕೊಳ್ಳಲೊಲ್ಲದ, ಅಮೆರಿಕದ ವಿದೇಶಾಂಗ ಸಚಿವ ಡಲ್ಲೆಸನ ಇಲಾಖೆಯು ನಿರಾಕರಿಸಿತು. ಟ್ಯಾಂಕು, ವಿಮಾನಗಳೊಡನೆ ಅವನ್ನು ನಡೆಸಬಲ್ಲವರೂ ಬೇಕು, ಬಿಡಿಭಾಗಗಳೂ ಬೇಕು, ಆ ಬಿಡಿಭಾಗಗಳ ಕೈಪಿಡಿಯನ್ನು ಓದಲು ರಷ್ಯನ್ ಭಾಷೆಯೂ ಬೇಕು. ರಸ್ತೆಯನ್ನು ಕಟ್ಟಿಕೊಟ್ಟವನ ಸಂಬಂಧವು ಉದ್ಘಾಟನೆಯ ದಿನಕ್ಕೆ ಮುಗಿಯಬಹುದು. ಸೈನ್ಯವನ್ನು ಸಜ್ಜುಗೊಳಿಸಿದವನ ಸಂಬಂಧವು ಅಂದು ಆರಂಭವಾಗುತ್ತದೆ. ತಾಷ್ಕೆಂಟ್, ಮಾಸ್ಕೋಗಳಲ್ಲಿ ತರಬೇತು ಪಡೆದು ಮರಳಿದ ತರುಣ ಅಧಿಕಾರಿಗಳು ತಮ್ಮ ದೇಶದ ಬಡತನವನ್ನು ಹೊಸ ಕಣ್ಣುಗಳಿಂದ ನೋಡತೊಡಗಿದರು.

ಮುಂದಿನ ಹತ್ತು ವರ್ಷಗಳ ಸ್ಪರ್ಧೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಸೋವಿಯೆಟ್ಟರು ಬಗ್ರಾಮ್ ವಿಮಾನನೆಲೆಯನ್ನು ಕಟ್ಟಿದರೆ ಅಮೆರಿಕನರು ಕಂದಹಾರದ ವಿಮಾನನಿಲ್ದಾಣವನ್ನು ಕಟ್ಟಿದರು. ಇಂಧನ ತುಂಬಿಕೊಳ್ಳಲು ನಡುದಾರಿಯಲ್ಲಿ ಇಳಿಯಬೇಕಾದ ಹಳೆಯ ವಿಮಾನಗಳನ್ನು ಉದ್ದೇಶಿಸಿದ ಆ ನಿಲ್ದಾಣವು ಸಿದ್ಧವಾಗುವಷ್ಟರಲ್ಲಿ ಜೆಟ್ ವಿಮಾನಗಳ ಕಾಲ ಬಂದು ಅದು ಬಹುತೇಕ ನಿರುಪಯುಕ್ತವಾಯಿತು. 1959ರ ಡಿಸೆಂಬರಿನಲ್ಲಿ ಅಧ್ಯಕ್ಷ ಐಸೆನ್‌ಹೋವರನು ಅಫ್ಘಾನಿಸ್ತಾನಕ್ಕೆ ಬಂದಾಗ ಇಳಿದದ್ದು ಬಗ್ರಾಮಿನಲ್ಲಿಯೇ. 1964ರಲ್ಲಿ ಹಿಂದೂಕುಷ್ ಪರ್ವತವನ್ನು ಕೊರೆದು, ಸುಮಾರು 3,400 ಮೀಟರ್ ಎತ್ತರದಲ್ಲಿ ಸೋವಿಯೆಟ್ಟರು ನಿರ್ಮಿಸಿದ ಸಲಾಂಗ್ ಸುರಂಗವು ಉತ್ತರವನ್ನೂ ಕಾಬೂಲನ್ನೂ ವರ್ಷವಿಡೀ ಕೂಡಿಸಿತು. ಕಂದಹಾರದಿಂದ ಹೆರಾತಿನ ಮೂಲಕ ಸೋವಿಯೆಟ್ ಗಡಿಯವರೆಗಿನ ಕಾಂಕ್ರೀಟು ರಸ್ತೆ ಅವರದು. ಕಾಬೂಲಿನಿಂದ ಕಂದಹಾರಕ್ಕೆ ಡಾಂಬರು ರಸ್ತೆ ಅಮೆರಿಕನರದು. 1961ರಲ್ಲಿ ಗಡಿ ಮತ್ತೊಮ್ಮೆ ಮುಚ್ಚಿ, ಕೊಯ್ಲಾದ ದ್ರಾಕ್ಷಿಯು ಕೊಳೆಯುವ ಹೊತ್ತಿನಲ್ಲಿ, ಅದನ್ನು ವಿಮಾನಗಳಲ್ಲಿ ಹೊತ್ತೊಯ್ದು ಕೊಂಡವರೂ ಸೋವಿಯೆಟ್ಟರೇ.

ದಾವೂದನನ್ನು ಇಬ್ಬರನ್ನೂ ಕುಣಿಸಿದ ಚಾಣಾಕ್ಷನೆಂದು ಹೊಗಳುವವರುಂಟು. ಬಲಿಷ್ಠರ ಕೈಗೊಂಬೆಯೆಂದು ಮರುಗುವವರೂ ಉಂಟು. ನನಗೆ ಎರಡೂ ಮಾತು ಒಪ್ಪಿಗೆಯಿಲ್ಲ. ಅವನ ಚಾತುರ್ಯ ನಿಜವಾದುದೇ. ಆದರೆ ಅದೆಲ್ಲವೂ ಹೊರಮುಖವಾಗಿ ವ್ಯಯವಾಯಿತು. ಅಭಿವೃದ್ಧಿಯ ವೆಚ್ಚದ ಬಹುಭಾಗವು ಹೊರಗಿನಿಂದ ಬರುತ್ತಿರಲು, ಹಳ್ಳಿಯ ಖಾನರನ್ನೂ ಮುಲ್ಲಾಗಳನ್ನೂ ಎದುರುಹಾಕಿಕೊಂಡು ಭೂಕಂದಾಯವನ್ನು ವಸೂಲುಮಾಡುವ ಕಷ್ಟವನ್ನು ಯಾವ ಸರ್ಕಾರವೂ ವಹಿಸಲಿಲ್ಲ. ಒಂದು ಕಾಲಕ್ಕೆ ಬೊಕ್ಕಸದ ಆಧಾರವಾಗಿದ್ದ ಆ ತೆರಿಗೆಯು 1970ರ ದಶಕದ ಹೊತ್ತಿಗೆ ಗಣನೆಗೇ ಬಾರದಷ್ಟು ಕ್ಷೀಣಿಸಿತು. ಉತ್ತರದ ಶಿಬರ್ಘಾನಿನ ನೈಸರ್ಗಿಕ ಅನಿಲವು 1967ರಿಂದ ಕೊಳವೆಗಳ ಮೂಲಕ ಸೋವಿಯೆಟ್ ಒಕ್ಕೂಟಕ್ಕೆ ಹರಿದು ಸಾಲಕ್ಕೆ ಜಮೆಯಾಗತೊಡಗಿತು. ಆಡಳಿತವು ಊರಿಗೆ ಹೋಗಿ ತೆರಿಗೆ ಕೇಳದಿದ್ದರೆ, ಯಾರ ಜಮೀನು ಎಷ್ಟು, ಯಾರು ಯಾರಿಗೆ ಒಕ್ಕಲು, ನೀರಿನ ಸರದಿ ಯಾರದು ಎಂಬುದನ್ನು ತಿಳಿಯುವ ಸಂದರ್ಭವೇ ಅದಕ್ಕೆ ಒದಗುವುದಿಲ್ಲ. ಪ್ರಜೆಗಳಿಗೂ ತಾವು ಕೊಟ್ಟುದಕ್ಕೆ ಲೆಕ್ಕ ಕೇಳುವ ಅಧಿಕಾರವುಂಟೆಂಬ ಭಾವನೆ ಹುಟ್ಟುವುದಿಲ್ಲ.

1973ರಲ್ಲಿ ಸೋವಿಯೆಟ್ ತರಬೇತು ಪಡೆದ ಅಧಿಕಾರಿಗಳ ನೆರವಿನಿಂದಲೇ ದಾವೂದನು ಅರಸೊತ್ತಿಗೆಯನ್ನು ಉರುಳಿಸಿ ಅಧ್ಯಕ್ಷನಾದನು. ಮುಂದೆ ಇರಾನ್ ಮತ್ತು ಅರಬ್ಬೀ ದೇಶಗಳ ಹಣದ ಕಡೆಗೆ ತಿರುಗಲೆತ್ನಿಸಿದನು. 1978ರ ಏಪ್ರಿಲಿನಲ್ಲಿ ಅಂಥದೇ ಅಧಿಕಾರಿಗಳ ಕೈಯಿಂದ ಕುಟುಂಬಸಮೇತ ಹತನಾದನು. ಅಧಿಕಾರಕ್ಕೆ ಬಂದ ಕಮ್ಯುನಿಸ್ಟರು ಅದೇ ವರ್ಷದ ಕೊನೆಗೆ ಎಂಟನೆಯ ಆಜ್ಞಾಪತ್ರದ ಮೂಲಕ ಭೂಸುಧಾರಣೆಯನ್ನು ಸಾರಿದಾಗ, 1960ರ ದಶಕದಲ್ಲಿ ಅಮೆರಿಕದ ನೆರವಿನಿಂದ ಆರಂಭವಾಗಿದ್ದ ಜಮೀನಿನ ಮೋಜಣಿಯು ಇನ್ನೂ ಅಪೂರ್ಣವಾಗಿದ್ದಿತು. ನಂಬತಕ್ಕ ದಾಖಲೆಯಿಲ್ಲದೆ ಹೊಲಗಳನ್ನು ಕಿತ್ತು ಹಂಚಿದ ನಗರದ ತರುಣರು, ನೆಲವನ್ನು ಕೊಟ್ಟರೇ ವಿನಾ ಬೀಜವನ್ನೂ ಎತ್ತನ್ನೂ ನೀರಿನ ಹಕ್ಕನ್ನೂ ಕೊಡಲಾರದೆ ಹೋದರು. 1979ರ ಮಾರ್ಚಿನಲ್ಲಿ ಹೆರಾತ್ ದಂಗೆಯೆದ್ದಿತು. ಸುತ್ತಣ ಹಳ್ಳಿಗಳಿಂದ ರೈತರು ನಗರಕ್ಕೆ ನುಗ್ಗಿದರು, ಅವರನ್ನು ಹತ್ತಿಕ್ಕಲು ಹೊರಟ ಸೈನ್ಯದ ತುಕಡಿಗಳೂ ಅವರನ್ನೇ ಕೂಡಿಕೊಂಡವು. ಸೋವಿಯೆಟ್ ಸೈನ್ಯವು ಆ ಡಿಸೆಂಬರಿನಲ್ಲಿ ಗಡಿಯನ್ನು ದಾಟಿದ್ದು, ಇಪ್ಪತ್ತೈದು ವರ್ಷಗಳ ಸಹಾಯವು ಸಲಹಿದ್ದ ಆದರೆ ಹಳ್ಳಿಗಳಲ್ಲಿ ಬೇರೂರದಿದ್ದ ಒಂದು ಸರ್ಕಾರವನ್ನು ಉಳಿಸಿಕೊಳ್ಳುವುದಕ್ಕಾಗಿ.