ಫೈರ್ ಡ್ಯಾಂಪರ್: ಹಾಕಿಸಿದರಷ್ಟೇ ಸಾಲದು, ಸರಿಯಾಗಿ ಕೂರಿಸಬೇಕು

ಇಂಡಿ: ತಾಲ್ಲೂಕು ಊರುಗಳಲ್ಲೂ ಈಗ ಬಟ್ಟೆ ಅಂಗಡಿ, ನರ್ಸಿಂಗ್ ಹೋಮ್, ಲಾಡ್ಜ್, ಕಲ್ಯಾಣ ಮಂಟಪಗಳು ಮೂರ್ನಾಲ್ಕು ಅಂತಸ್ತು ಏರುತ್ತಿವೆ. ನಮ್ಮ ಕಡೆ ಬಿಸಿಲಿಗೆ ಎಸಿ ಬೇಕೇ ಬೇಕು ಅನ್ನುವಂತಾಗಿದೆ. ತಗಡಿನ ಡಕ್ಟ್ ಎಳೆದು ಇಡೀ ಕಟ್ಟಡಕ್ಕೆ ತಂಪು ಗಾಳಿ ಹಾಯಿಸುವವರು ಒಂದು ಮಾತು ತಿಳಿದಿರಬೇಕು: ಗಾಳಿ ಹೋಗುವ ದಾರಿಯಲ್ಲೇ ಹೊಗೆಯೂ ಹೋಗುತ್ತದೆ. ಬೆಂಕಿ ಬಿದ್ದಾಗ ಆ ದಾರಿಯನ್ನು ತಾನಾಗಿಯೇ ಮುಚ್ಚುವ ಬಾಗಿಲೇ ಫೈರ್ ಡ್ಯಾಂಪರ್.

ಬೆಂಕಿಗಿಂತ ಮೊದಲು ಹೊಗೆ

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ಬೆಂಕಿ ಬಿತ್ತು. ವಿದ್ಯುತ್ ವೈರು ಹಾದುಹೋಗುವ ಡಕ್ಟ್‌ನಿಂದ ಹೊಗೆ ಮೇಲಿನ ಅಂತಸ್ತುಗಳಿಗೆ ಏರಿತು. ಉಸಿರುಗಟ್ಟಿದ ಕೆಲವರು ಕಿಟಕಿಯಿಂದ ಜಿಗಿದರು. ಒಟ್ಟು 9 ಮಂದಿ ಸತ್ತರು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿಯ ಜೀವ ಹೋಯಿತು. ಕೆಳಗೆ ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ, ಮೇಲೆ ಬಾಲ್ಕನಿಯಲ್ಲಿ ಹೊಗೆ. 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲೂ ನೆಲಮಾಳಿಗೆಯ ಬೆಂಕಿಯ ಹೊಗೆ ವಾರ್ಡುಗಳಿಗೆ ನುಗ್ಗಿತು. ಸುಮಾರು 90 ಮಂದಿ ತೀರಿಕೊಂಡರು.

ಕೆಲಸ ಮಾಡುವುದು ಹೇಗೆ?

ಡಕ್ಟ್ ಒಂದು ಗೋಡೆ ಅಥವಾ ಸ್ಲ್ಯಾಬ್ ದಾಟುವ ಜಾಗದಲ್ಲಿ ಡ್ಯಾಂಪರ್ ಇರುತ್ತದೆ. ಸಾಮಾನ್ಯ ಮಾದರಿಯಲ್ಲಿ ಅದರ ಉಕ್ಕಿನ ಪಟ್ಟಿಗಳನ್ನು ಒಂದು ಲೋಹದ ಲಿಂಕ್ ತೆರೆದು ಹಿಡಿದಿರುತ್ತದೆ. ಸುಮಾರು 72 ಡಿಗ್ರಿ ಸೆಲ್ಸಿಯಸ್ ಶಾಖ ತಗುಲಿದರೆ ಲಿಂಕ್ ಕರಗಿ ಬಿಟ್ಟುಕೊಳ್ಳುತ್ತದೆ, ಪಟ್ಟಿಗಳು ಮುಚ್ಚಿಕೊಳ್ಳುತ್ತವೆ. ಆದರೆ ಬಿಸಿಯಾಗದ ಹೊಗೆಗೆ ಈ ಲಿಂಕ್ ಕರಗದು. ಅದಕ್ಕೇ ಆಸ್ಪತ್ರೆ, ಲಾಡ್ಜ್‌ಗಳಂಥ ಜನ ಮಲಗುವ ಕಡೆ ಹೊಗೆ ಪತ್ತೆ ಯಂತ್ರಕ್ಕೆ ಜೋಡಿಸಿದ ಮೋಟಾರ್ ಡ್ಯಾಂಪರ್ ಒಳ್ಳೇದು. ಅಲಾರಂ ಹೊಡೆದ ಕೂಡಲೇ ಎಸಿ ಫ್ಯಾನೂ ನಿಲ್ಲಬೇಕು.

ಎಲ್ಲಿ ತಪ್ಪಾಗುತ್ತದೆ?

• ಜಾಗ: ಮುಚ್ಚಿದ ಪಟ್ಟಿಗಳು ಗೋಡೆಯ ದಪ್ಪದೊಳಗೇ ಬರಬೇಕು. ಎರಡು ಅಡಿ ಆಚೆ ತೂಗುಬಿಟ್ಟರೆ, ಬೆಂಕಿಗೆ ಡಕ್ಟ್ ಜೋತು ಕಳಚಿ ಬಿದ್ದಾಗ ಡ್ಯಾಂಪರೂ ಬೀಳುತ್ತದೆ, ಗೋಡೆಯಲ್ಲಿ ಕಿಂಡಿ ಉಳಿಯುತ್ತದೆ.
• ಸಂದು: ಸುತ್ತಲಿನ ಸಂದಿಗೆ ಥರ್ಮಾಕೋಲ್, ಸಾದಾ ಫೋಮ್ ತುಂಬಿದರೆ ಅದೇ ಹೊತ್ತಿಕೊಳ್ಳುತ್ತದೆ. ಹಾಗಂತ ಸಿಮೆಂಟ್ ಗಿಡಿಯುವುದೂ ಎಲ್ಲ ಮಾದರಿಗೂ ಸರಿಯಲ್ಲ. ಕೆಲವಕ್ಕೆ ಬಿಸಿಗೆ ಹಿಗ್ಗಲು ಜಾಗ ಬೇಕು. ತಯಾರಕರ ಸೂಚನೆ ನೋಡಿಯೇ ಮಾಡಿಸಬೇಕು.
• ಚೌಕಟ್ಟು: ಬಡಿದು ಕೂರಿಸಿ ಚೌಕಟ್ಟು ಸೊಟ್ಟಾದರೆ, ಒಳಕ್ಕೆ ಸ್ಕ್ರೂ ಚಾಚಿದರೆ ಪಟ್ಟಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ.
• ಲಿಂಕ್: ಅದಕ್ಕೆ ಬಣ್ಣ ಬಳಿಯಬಾರದು. ‘ಪದೇ ಪದೇ ಮುಚ್ಚತ್ತೆ’ ಅಂತ ತಂತಿ ಬಿಗಿದು ಕಟ್ಟಲೇಬಾರದು.
• ಇಣುಕು ಬಾಗಿಲು: ಕೈ ಹಾಕಿ ನೋಡಲು ಡಕ್ಟ್‌ನಲ್ಲೂ ಫಾಲ್ಸ್ ಸೀಲಿಂಗ್‌ನಲ್ಲೂ ಬಾಗಿಲು ಬಿಡಿಸಬೇಕು.

ಕೊನೆಯ ಕಂತು ಕೊಡುವ ಮುನ್ನ

ಮೇಲೆ ಸೀಲಿಂಗ್ ಮುಚ್ಚಿದ ಮೇಲೆ ತಪ್ಪು ಕಾಣುವುದಿಲ್ಲ. ಹಾಗಾಗಿ ಮುಚ್ಚುವ ಮೊದಲೇ ಪ್ರತಿ ಡ್ಯಾಂಪರಿನ ಫೋಟೊ ತೆಗೆಸಿ, ಲಿಂಕ್ ಬಿಚ್ಚಿಸಿ, ಅದು ಪೂರ್ತಿ ಮುಚ್ಚುತ್ತದೆಯೇ ಎಂದು ಮಾಲೀಕರು ಕಣ್ಣಾರೆ ನೋಡಬೇಕು. ಅಮೆರಿಕದ ಎನ್‌ಎಫ್‌ಪಿಎ ಮಾನದಂಡದ ಪ್ರಕಾರ ಕೂರಿಸಿದ 1 ವರ್ಷಕ್ಕೆ ಒಮ್ಮೆ, ಆಮೇಲೆ 4 ವರ್ಷಕ್ಕೊಮ್ಮೆ, ಆಸ್ಪತ್ರೆಗಳಲ್ಲಿ 6 ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ದೂಳು ಹೆಚ್ಚಿರುವ ನಮ್ಮ ಕಡೆ ಇನ್ನೂ ಬೇಗ ನೋಡಿಸಿದರೆ ನಷ್ಟವೇನಿಲ್ಲ.

ಡಕ್ಟ್ ಇಲ್ಲದ ಅಂಗಡಿಗೆ?

ಸ್ಪ್ಲಿಟ್ ಎಸಿ ಮಾತ್ರ ಇರುವ ಅಂಗಡಿಗೆ ಡ್ಯಾಂಪರ್ ಬೇಕಿಲ್ಲ. ಆದರೆ ವೈರು, ಪೈಪಿಗೆಂದು ಸ್ಲ್ಯಾಬ್ ಕೊರೆದ ತೂತುಗಳನ್ನು ಬೆಂಕಿ ತಡೆಯುವ ಸೀಲಂಟ್‌ನಿಂದ ಮುಚ್ಚಿಸಿ. ಮೆಟ್ಟಿಲ ಮೇಲೆ ಮಾಲು ಪೇರಿಸಬೇಡಿ. ಒಳಗೆ ಜನ ಇರುವಾಗ ಹಿಂಬಾಗಿಲಿಗೆ ಬೀಗ ಬೇಡ. ಬೆಂಕಿ ಕಂಡರೆ 112 ಅಥವಾ 101ಕ್ಕೆ ಕರೆ ಮಾಡಿ.