ಮೋವಾಬಿನ ಕರಿಯ ಕಲ್ಲು

ಮೃತಸಮುದ್ರದ ಪೂರ್ವಕ್ಕೆ, ಅರ್ನೋನ್ ನದಿಯ ಆಳವಾದ ಕಣಿವೆಯ ಉತ್ತರದಲ್ಲಿ, ದೀಬಾನ್ ಎಂಬ ಹಾಳೂರಿದೆ. 1868ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಆ ದಾರಿಯಾಗಿ ಸಂಚರಿಸುತ್ತಿದ್ದ ಕ್ಲೈನ್ ಎಂಬ ಪಾದ್ರಿಗೆ ಅಲ್ಲಿಯ ಬೆದುಯಿನ್ ಜನರು ತಮ್ಮ ನೆಲದಲ್ಲಿ ಬಿದ್ದಿದ್ದ ಕರಿಯ ಕಲ್ಲೊಂದನ್ನು ತೋರಿಸಿದರು. ತಲೆಯನ್ನು ದುಂಡಗೆ ಕಡೆದ, ಒಂದು ಮೀಟರಿಗಿಂತ ತುಸು ಎತ್ತರವಾದ ಆ ಶಿಲೆಯ ಮೇಲೆ 34 ಸಾಲುಗಳ ಬರಹವಿತ್ತು. ಪದಪದಕ್ಕೂ ನಡುವೆ ಚುಕ್ಕೆಯನ್ನೂ ವಾಕ್ಯವಾಕ್ಯಕ್ಕೂ ನಡುವೆ ಗೆರೆಯನ್ನೂ ಇಟ್ಟು ಬಹು ಎಚ್ಚರದಿಂದ ಕೊರೆದ ಬರಹ. ಕ್ರಿಸ್ತಪೂರ್ವ 9ನೆಯ ಶತಮಾನದಲ್ಲಿ ಮೋವಾಬ್ ದೇಶವನ್ನಾಳಿದ ಮೇಷನೆಂಬ ಅರಸನು ತನ್ನ ವೃತ್ತಾಂತವನ್ನು ತಾನೇ ಹೇಳಿ ಬರೆಯಿಸಿದ ಶಾಸನವದು.

ಹಳೆಯ ಒಡಂಬಡಿಕೆಯನ್ನು ಓದಿದವರಿಗೆ ಈ ಹೆಸರು ಹೊಸದಲ್ಲ. ಅರಸುಗಳ ಎರಡನೆಯ ಗ್ರಂಥದಲ್ಲಿ ಆತನು ಕುರಿಹಿಂಡುಗಳ ಒಡೆಯನಾಗಿ, ಇಸ್ರಾಯೇಲಿನ ದೊರೆಗೆ 1 ಲಕ್ಷ ಕುರಿಮರಿಗಳನ್ನೂ 1 ಲಕ್ಷ ಟಗರುಗಳ ಉಣ್ಣೆಯನ್ನೂ ಕಪ್ಪವಾಗಿ ಒಪ್ಪಿಸುತ್ತಿದ್ದವನಾಗಿ, ಆ ದೊರೆ ಅಹಾಬನು ಸತ್ತೊಡನೆ ತಿರುಗಿಬಿದ್ದವನಾಗಿ ಕಾಣಿಸಿಕೊಳ್ಳುತ್ತಾನೆ. ಆದರೆ ಅಲ್ಲಿ ಅವನ ಕಥೆಯನ್ನು ಹೇಳಿದವರು ಅವನ ಶತ್ರುಗಳು. ದೀಬಾನಿನ ಕಲ್ಲಿನಲ್ಲಿ, ಸುಮಾರು 2700 ವರ್ಷಗಳ ಮೌನದ ತರುವಾಯ, ಆ ಅರಸನೇ ಬಾಯ್ದೆರೆದನು.

ಆ ಮಾತು ನಮ್ಮ ಪಾಲಿಗೆ ಉಳಿದ ಬಗೆಯನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ. ಕಲ್ಲಿನ ಸುದ್ದಿ ಯೆರೂಸಲೇಮಿಗೆ ಮುಟ್ಟಿದ್ದೇ ತಡ, ಅದನ್ನು ಪಡೆಯಲು ಪ್ರಷ್ಯದವರೂ ಫ್ರೆಂಚರೂ ಪೈಪೋಟಿಗಿಳಿದರು. ಫ್ರೆಂಚ್ ಕಚೇರಿಯಲ್ಲಿದ್ದ ಕ್ಲೆರ್ಮೋ-ಗನೋ ಎಂಬ 23ರ ತರುಣ ವಿದ್ವಾಂಸನು, ಕಲ್ಲು ಕೈಸೇರುವುದಕ್ಕೆ ಮೊದಲೇ ಅದರ ಪಡಿಯಚ್ಚನ್ನಾದರೂ ತೆಗೆಯಬೇಕೆಂದು 1869ರಲ್ಲಿ ತನ್ನವರನ್ನು ಕಳುಹಿಸಿದನು. ಅವರು ಒದ್ದೆ ಕಾಗದವನ್ನು ಅಕ್ಷರಗಳ ಮೇಲೆ ಒತ್ತಿ, ಅದು ಒಣಗಲೆಂದು ಕಾಯುತ್ತಿದ್ದ ಹೊತ್ತಿಗೆ ಸುತ್ತಲಿನವರಲ್ಲಿ ಜಗಳ ಹೊತ್ತಿಕೊಂಡಿತು; ಬಂದವನೊಬ್ಬನ ಕಾಲಿಗೆ ಭರ್ಜಿ ನಾಟಿತು; ಜೊತೆಗಾರನು ಇನ್ನೂ ಹಸಿಯಾಗಿದ್ದ ಕಾಗದವನ್ನು ಚೂರುಚೂರಾಗಿಯೇ ಕಿತ್ತುಕೊಂಡು ಕುದುರೆಯೇರಿ ಪಾರಾದನು. ಆಮೇಲೆ ತುರ್ಕಿ ಸರಕಾರದ ಅಧಿಕಾರಿಗಳು ಕಲ್ಲನ್ನು ಒಪ್ಪಿಸೆಂದು ಒತ್ತಾಯಿಸತೊಡಗಿದಾಗ, ಅವರ ದಂಡಿನಿಂದ ಮೊದಲೇ ನೊಂದಿದ್ದ ಬೆನಿ ಹಮೀದಾ ಕುಲದವರು ಕಲ್ಲಿನಡಿ ಬೆಂಕಿಯಿಟ್ಟು ಕಾಯಿಸಿ, ಮೇಲೆ ತಣ್ಣೀರು ಸುರಿದು ಸಿಡಿಸಿ, ಚೂರುಗಳನ್ನು ಮನೆಮನೆಗೂ ಹಂಚಿಕೊಂಡು, ಕಾಳು ಸಮೃದ್ಧವಾಗಲೆಂದು ಕಣಜಗಳಲ್ಲಿ ಇಟ್ಟರು. ಅವರನ್ನು ಅನಾಗರಿಕರೆಂದು ಹಳಿದ ಬರಹಗಳು ಆ ಕಾಲದಲ್ಲಿ ಬಂದುವು. ನನಗೆ ಹಾಗೆ ಹಳಿಯಲು ಮನಸ್ಸು ಬಾರದು. ತಮ್ಮ ನೆಲದ ವಸ್ತುವಿಗಾಗಿ ಪರರಾಜ್ಯಗಳು ಕಚ್ಚಾಡುವುದನ್ನು ಕಂಡ ಬಡಜನರು ಅದನ್ನು ತಮ್ಮ ಕಾಳಿನ ಜೊತೆಗೆ ಬಚ್ಚಿಟ್ಟರು. ಕ್ಲೆರ್ಮೋ-ಗನೋ ಮೊದಲಾದವರು ಸಾಧ್ಯವಾದಷ್ಟು ಚೂರುಗಳನ್ನು ಕೊಂಡು ಕೂಡಿಸಿದರು. ದೊರೆಯದ ಎಡೆಗಳನ್ನು ಆ ಹರಿದ ಪಡಿಯಚ್ಚೇ ತುಂಬಿಕೊಟ್ಟಿತು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಶಾಸನದಲ್ಲಿ ಮೂಲಶಿಲೆ ಯಾವುದು, ಮರುಕೂಡಿಕೆ ಯಾವುದು ಎಂಬುದು ಕಣ್ಣಿಗೆ ಕಾಣುವಂತೆಯೇ ಇದೆ.

ಶಾಸನದಲ್ಲಿ, ಇಸ್ರಾಯೇಲಿನ ಅರಸನಾದ ಒಮ್ರಿಯು ಮೋವಾಬನ್ನು ಬಹುಕಾಲ ಪೀಡಿಸಿದನೆಂದೂ ಅದಕ್ಕೆ ತಮ್ಮ ದೇವನಾದ ಕೆಮೋಷನು ತನ್ನ ನಾಡಿನ ಮೇಲೆ ಮುನಿದದ್ದೇ ಕಾರಣವೆಂದೂ ಮೇಷನು ಹೇಳುತ್ತಾನೆ. ಶತ್ರು ಬಲಶಾಲಿಯಾಗಿದ್ದನೆಂಬ ಮಾತಿಲ್ಲ, ತನ್ನ ದೇವರೇ ಕೋಪಿಸಿದನೆಂಬ ಮಾತು. ಇಸ್ರಾಯೇಲಿನ ಪ್ರವಾದಿಗಳು ತಮ್ಮ ಸೋಲುಗಳಿಗೆ ಹೇಳಿದ ಸಮಾಧಾನವೂ ಇದೇ. ನೆಬೋ ಪಟ್ಟಣವನ್ನು ಹಿಡಿದು 7000 ಜನರನ್ನು ಕೊಂದು ದೇವರಿಗೆ ಅರ್ಪಿಸಿದೆನೆಂದು ಅವನು ಹೆಮ್ಮೆಯಿಂದ ಬರೆಯಿಸಿದ್ದನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ಅಲ್ಲಿಂದ ಒಯ್ದ, ಇಸ್ರಾಯೇಲಿನ ದೇವನಾದ ಯೆಹೋವನ ವಸ್ತುಗಳ ಮಾತೂ ಅಲ್ಲಿಯೇ ಬರುತ್ತದೆ, ಬೈಬಲಿನ ಹೊರಗೆ ಆ ನಾಮವು ನಿಸ್ಸಂದೇಹವಾಗಿ ದೊರೆತ ಅತಿ ಹಳೆಯ ಉಲ್ಲೇಖಗಳಲ್ಲಿ ಅದೊಂದು. ಇಸ್ರಾಯೇಲು ಶಾಶ್ವತವಾಗಿ ನಾಶವಾಯಿತೆಂದು ಕೂಡ ಅವನು ಸಾರುತ್ತಾನೆ. ಬೈಬಲಿನ ಕಥೆಯಾದರೋ, ಮೂವರು ಅರಸರು ಮೋವಾಬಿನ ಮೇಲೆ ದಂಡೆತ್ತಿ ಹೋಗಿ ಊರುಗಳನ್ನು ಕೆಡವಿ ಬಾವಿಗಳನ್ನು ಮುಚ್ಚಿದರೆಂದೂ, ಮುತ್ತಿಗೆಗೆ ಸಿಲುಕಿದ ಮೋವಾಬಿನ ಅರಸನು ಕೋಟೆಗೋಡೆಯ ಮೇಲೆ ತನ್ನ ಚೊಚ್ಚಲ ಮಗನನ್ನೇ ಆಹುತಿ ಕೊಟ್ಟಾಗ ಇಸ್ರಾಯೇಲ್ಯರು ಹಿಮ್ಮೆಟ್ಟಿದರೆಂದೂ ಹೇಳುತ್ತದೆ. ಕಲ್ಲಿನಲ್ಲಿ ಆ ಮಗನ ಸುಳಿವಿಲ್ಲ. ಗ್ರಂಥದಲ್ಲಿ ನೆಬೋವಿನ ಆ ಹತ್ಯೆಯ ಸುಳಿವಿಲ್ಲ. ತಮ್ಮ ನೋವನ್ನು ತಾವು ಕಲ್ಲಿಗೆ ಹೇಳದ ಅರಸರು ಎಲ್ಲ ನಾಡುಗಳಲ್ಲಿಯೂ ಇದ್ದರು.

31ನೆಯ ಸಾಲಿನ ಅಕ್ಷರಗಳು ಸವೆದಿವೆ. ಅಲ್ಲಿ 'ದಾವೀದನ ಮನೆತನ' ಎಂದಿದೆಯೆಂದು 1994ರಲ್ಲಿ ಲೆಮೇರ್ ಎಂಬ ವಿದ್ವಾಂಸರು ಓದಿದರು. 2019ರಲ್ಲಿ ಬೇರೆ ಮೂವರು ಅದನ್ನು 'ಬಾಲಾಕ' ಎಂಬ ಅರಸನ ಹೆಸರೆಂದು ಊಹಿಸಿದರು. ವಾದ ಇನ್ನೂ ಮುಗಿದಿಲ್ಲ.

ನಾನು ಮತ್ತೆ ಮತ್ತೆ ಹಿಂದಿರುಗಿ ಓದುವುದು ಯುದ್ಧದ ಸಾಲುಗಳನ್ನಲ್ಲ. ಕರ್ಹೋ ಎಂಬ ಕೋಟೆಯೂರನ್ನು ಕಟ್ಟಿಸಿ, ಬಾಗಿಲುಗಳನ್ನೂ ಬುರುಜುಗಳನ್ನೂ ಅರಮನೆಯನ್ನೂ ನಿಲ್ಲಿಸಿದ ಮೇಲೆ, ಆ ಊರೊಳಗೆ ನೀರಿನ ತೊಟ್ಟಿ ಒಂದೂ ಇರಲಿಲ್ಲವೆಂದೂ, ಆದುದರಿಂದ ಪ್ರತಿಯೊಬ್ಬನೂ ತನ್ನ ತನ್ನ ಮನೆಯಲ್ಲಿ ಒಂದೊಂದು ತೊಟ್ಟಿಯನ್ನು ತೋಡಿಕೊಳ್ಳಬೇಕೆಂದು ತಾನು ಜನರಿಗೆ ಅಪ್ಪಣೆ ಮಾಡಿದೆನೆಂದೂ ಮೇಷನು ಬರೆಯಿಸಿದ್ದಾನೆ. ಅವನ ಬಾವಿಗಳನ್ನು ಶತ್ರುಗಳು ಮುಚ್ಚಿದ ಕಥೆಯನ್ನು ಓದಿದವರಿಗೆ, ಮಳೆಯನ್ನೇ ನೆಚ್ಚಿದ ಆ ಒಣ ಪ್ರಸ್ಥಭೂಮಿಯಲ್ಲಿ ಮನೆಮನೆಯ ಅಂಗಳದಲ್ಲಿ ಬಂಡೆಯನ್ನು ಅಗೆಯುವ ಉಳಿಯ ಸಪ್ಪಳ ಈ ಸಾಲಿನಿಂದ ಕೇಳಿಬರುತ್ತದೆ.